ಎಮ್ಮೆಗೆ ಕಟ್ಟಿದ ಸೊಳ್ಳೆ ಪರದೆ

ಎಪ್ಪತ್ತರ ದಶಕದಲ್ಲಿ ನಾನು ಸೊರಬ ತಾಲ್ಲೂಕಿನಲ್ಲಿ ಮಲೇರಿಯಾ ಕೆಲಸಗಾರ. ಸೈಕಲ್ಲಿನಲ್ಲಿ ಊರೂರು ಸುತ್ತಿ, ಜ್ವರದವರ ಬೆರಳು ಚುಚ್ಚಿ ರಕ್ತ ತೆಗೆದು ಮಾತ್ರೆ ಕೊಡುತ್ತಿದ್ದೆ. ಜನಕ್ಕೆ ನನ್ನ ಸೂಜಿಯ ಭಯ, ನನಗೆ ಅವರ ಜ್ವರದ ಭಯ. ಹೆದರಿದವರೇ ಎದುರುಬದುರಾದರೆ ಎಡವಟ್ಟುಗಳು ನಡೆಯದೆ ಇರುತ್ತವೆಯೇ? ಜಡೆ ಎಂಬ ಊರಿನ ಹತ್ತಿರದ ಒಂದೇ ಮನೆಯ ಕಥೆ ಹೇಳುತ್ತೇನೆ.

ನಡುಗುವ ಗೋಣಿಚೀಲ

ನಾಟಿಯ ಕಾಲ. ಮನೆಯಾಕೆ ಬಾಗಿಲಿಗೆ ಅಡ್ಡ ನಿಂತು, "ಯಾರಿಗೂ ಜ್ವರ ಇಲ್ರೀ ಸಾಹೇಬ್ರೆ" ಎಂದಳು. ಕ್ಯಾಸನೂರು ಕಡೆ ಜನರ ಜೀವ ತೆಗೆಯುತ್ತಿದ್ದ ಮಂಗನ ಕಾಯಿಲೆಯ ಸುದ್ದಿ ಕೇಳಿ, ಜ್ವರ ಎಂದರೆ ಸಾಕು ಸರ್ಕಾರದವರು ಗಂಡನನ್ನು ಎತ್ತಿಕೊಂಡು ಹೋಗುತ್ತಾರೆಂದು ನಂಬಿದ್ದಳು. ಒಳಗೆ ಮೂಲೆಯಲ್ಲಿ ಗೋಣಿಚೀಲದ ರಾಶಿ ಗಡಗಡ ನಡುಗುತ್ತಿತ್ತು.

"ಅದೇನಮ್ಮ?"

"ಇಲಿ."

ಅಷ್ಟರಲ್ಲಿ ಇಲಿ, "ಲೇ, ಒಂಚೂರು ನೀರು ಕೊಡೇ" ಎಂದಿತು.

ಗೋಡೆಯ ಬರಹ

ಆಮೇಲೆ ಸೊಳ್ಳೆಗೆ ಔಷಧಿ ಹೊಡೆಯುವವರನ್ನು ಕರೆದುಕೊಂಡು ಹೋದೆ. ಆಕೆ ಒಳಗೆ ಬಿಡಲಿಲ್ಲ. ಔಷಧಿ ತಾಗಿ ಬೆಕ್ಕು ಸತ್ತರೆ ಭತ್ತವೆಲ್ಲ ಇಲಿಯ ಪಾಲು ಎಂಬ ಹೆದರಿಕೆ. ನಾವು ಬಂದುಹೋದ ತಾರೀಖನ್ನು ಗೋಡೆ ಮೇಲೆ ಬರೆಯುತ್ತಿದ್ದೆವಲ್ಲ, ಅದನ್ನು ತೋರಿಸಿ, "ಬರೆದು ಹೋಗಿ, ಜ್ವರ ಬರದಂಗೆ ಅಷ್ಟೇ ಸಾಕು" ಎಂದಳು.

"ಬರೆದಿದ್ದು ನೋಡಿ ಸೊಳ್ಳೆ ಓಡಿಹೋಗ್ತವೇನಮ್ಮ? ಅದು ನಮ್ಮ ಮೇಲಿನ ಸಾಹೇಬರು ಓದೋಕೆ."

"ಅಯ್ಯೋ ಪಾಪ, ಅವರಿಗೂ ಜ್ವರವೇನ್ರೀ?"

ಪರದೆ

ಮಾತ್ರೆ ನುಂಗಿ ಗಂಡನೇನೋ ಎದ್ದ. ಆದರೆ ಅಷ್ಟರೊಳಗೆ ಆಳು ಹಿಡಿದು ನಾಟಿ ಮಾಡಿಸಿ ಮನೆ ಬರಿದಾಗಿತ್ತು. ಇನ್ನೊಂದು ಸಲ ಅವನು ಮಲಗಿದರೆ ಒಲೆ ಉರಿಯುವುದಿಲ್ಲವೆಂದು ಆಕೆಗೆ ನಿದ್ದೆಯೇ ಇಲ್ಲ. "ಸೊಳ್ಳೆ ಪರದೆ ತಗೊಳ್ಳಮ್ಮ" ಎಂದೆ. ಸಾಕಿದ ಕೋಳಿಗಳನ್ನೆಲ್ಲ ಮಾರಿ ಆನವಟ್ಟಿಯಿಂದ ತಂದಳು. ಮುಂದಿನ ಸಲ ಹೋಗಿ ನೋಡಿದರೆ, ಪರದೆ ಕೊಟ್ಟಿಗೆಯಲ್ಲಿ! ಒಳಗೆ ಎಮ್ಮೆ ಮದುಮಗಳ ಹಾಗೆ ಕೂತು ಮೆಲುಕು ಹಾಕುತ್ತಿದೆ.

"ಇದು ಗಂಡನಿಗೆ ಕಟ್ಟೋದಲ್ಲವೇನಮ್ಮ?"

"ಇವರು ಮಲಗಿದ್ರೆ ಎಮ್ಮೆ ಹಾಲಲ್ಲಿ ಮನೆ ನಡೀತದೆ. ಎಮ್ಮೆ ಮಲಗಿದ್ರೆ ಇವರೇನು ಹಾಲು ಕೊಡ್ತಾರೇನ್ರೀ?"

ನನ್ನ ಸರದಿ

ಮರುವರ್ಷ ಅದೇ ಊರಿನ ದಾರಿಯಲ್ಲಿ ನನಗೇ ಚಳಿ ಹತ್ತಿತು. ಹಿಂದಿನ ವಾರ ಕ್ಯಾಸನೂರಿಗೆ ಹೋಗಿಬಂದಿದ್ದೆ. ಮಲೇರಿಯಾನೋ, ಮಂಗನ ಕಾಯಿಲೆಯೋ? ಹೆಂಡತಿ ಮಕ್ಕಳ ಮುಖ ಕಣ್ಣಿಗೆ ಕಟ್ಟಿತು. ಅದೇ ಮನೆಯ ಜಗಲಿಗೆ ಹೋಗಿ ಬಿದ್ದೆ. ರಕ್ತ ತೆಗೆಯಬೇಕು, ಚಳಿಗೆ ಸೂಜಿ ಹಿಡಿಯಲಾಗುತ್ತಿಲ್ಲ. ಆಕೆಯೇ ಸೂಜಿ ತೆಗೆದುಕೊಂಡು ಚುಚ್ಚಿದಳು. ಊರಿಗೇ ಕೇಳುವಂತೆ ಕಿರುಚಿದೆ.

"ಇರುವೆ ಕಚ್ಚಿದಂಗೆ ಅಷ್ಟೇ ಅಂತಿದ್ರಲ್ರೀ!"

ಮಾತ್ರೆ ನುಂಗಿಸಿ, ಕೊಟ್ಟಿಗೆಯಿಂದ ಪರದೆ ಬಿಚ್ಚಿ ತಂದು ನನಗೆ ಕಟ್ಟಿದಳು. ಸಗಣಿ ವಾಸನೆ ಗಮ್ಮೆನ್ನುತ್ತಿತ್ತು. ಕೋಳಿ ಮಾರಿ ತಂದ ಪರದೆಯಲ್ಲಿ ಮಲಗಿ ನಾನು ಅತ್ತೇಬಿಟ್ಟೆ. ಅತ್ತ ಎಮ್ಮೆ ಒಂದೇ ಸಮನೆ ಕೂಗುತ್ತಿತ್ತು.

ಆಗ ಗಂಡ ಮೆಲ್ಲಗೆ ಹತ್ತಿರ ಬಂದು ಕೇಳಿದ: "ನನಗೆ ಇವತ್ತಿಗೂ ಈ ಪರದೆ ಸಿಕ್ಕಿಲ್ಲ ಸಾಹೇಬ್ರೆ. ನೀವು ಎಷ್ಟು ಸೇರು ಹಾಲು ಕರೀತೀರಿ?"