ಅಪ್ಪ ಹಾಸಿದ ನೆಲ

"ನೆಲಕ್ಕೆ ಮರದ ಮೇಸ್ತ್ರೀನ ಕರೆಸೋಣ ರೀ" ಎಂದು ಹೆಂಡತಿ ಅಂದದ್ದೇ ತಪ್ಪಾಯಿತು. ಗುಮಾಸ್ತನಿಗೆ ಸರ್ರನೆ ರೋಷ ಏರಿತು.

"ಮೇಸ್ತ್ರಿ ಯಾಕೆ? ಈ ಹಲಗೆ ಹಾಸಿದ್ದು ನಮ್ಮಪ್ಪ! ಒಬ್ಬರೇ! ಅವರ ಮಗ ನಾನಿನ್ನೂ ಬದುಕಿದ್ದೀನಿ ತಾನೆ?"

ಗುಮಾಸ್ತ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಮೊಹರು ಒತ್ತುವವನು. ಅದಕ್ಕಿಂತ ಭಾರದ್ದನ್ನು ಎತ್ತಿ ಗೊತ್ತಿಲ್ಲ. ಆದರೆ ಆ ನಡುಮನೆಯ ಮರದ ನೆಲವೆಂದರೆ ಅವನಿಗೆ ಪ್ರಾಣ. ಏಳು ವರ್ಷದವನಿದ್ದಾಗ ಅಜ್ಜಿ ಮನೆಯಿಂದ ಬಂದು ನೋಡುತ್ತಾನೆ, ಹೊಸ ಹಲಗೆಗಳು ಫಳಫಳ, ನಡುವೆ ಸುತ್ತಿಗೆ ಹಿಡಿದ ಅಪ್ಪ! ಕಾಲುಚೀಲ ಹಾಕಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಜಾರಿದ್ದೇ ಜಾರಿದ್ದು. ಈಗ ಅಪ್ಪ ಇಲ್ಲ, ಹಲಗೆಗಳೂ ಸವೆದಿವೆ. ಅಕ್ಕನ ಮನೆಗೆ ಹೋಗಿರುವ ಅಮ್ಮ ಸಂಜೆ ಬಂದು ಹೊಸ ನೆಲ ನೋಡಿ, "ನಿನಗೂ ಅಪ್ಪನ ಕೈಯೇ ಬಂದಿದೆ ಕಣೋ" ಅನ್ನಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ಅಪ್ಪನ ಹಲಗೆ ಕೀಳಲು ಮನಸ್ಸು ಬರಲಿಲ್ಲ. ಅದರ ಮೇಲೆಯೇ ಹೊಸದನ್ನು ಹಾಸತೊಡಗಿದ. ಕಿಟಕಿಯಲ್ಲಿ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಪ್ರತ್ಯಕ್ಷರಾದರು.

"ಸಾಲು ಸೊಟ್ಟ! ಎಡಕ್ಕೆ! ಅಯ್ಯೋ, ಅಷ್ಟಲ್ಲ, ಬಲಕ್ಕೆ!"

ಎರಡು ಏಟು ಮೊಳೆಗೆ ಬಿದ್ದರೆ ಒಂದು ಹೆಬ್ಬೆರಳಿಗೆ. ಸಲಹೆ ಕೊಡಲು ಇನ್ನಾರೂ ಬಾರದಿರಲೆಂದು ಗುಮಾಸ್ತ ಬಾಗಿಲು ಹಾಕಿಕೊಂಡು, ಬಾಗಿಲಿನವರೆಗೂ ಹಲಗೆ ಜಡಿದು ಮುಗಿಸಿದ.

"ಏನ್ರೀ, ಊಟಕ್ಕೆ ಬನ್ನಿ."

ಬಾಗಿಲು ಎಳೆದ. ಅಲ್ಲಾಡಲಿಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು. ಹೊಸ ಹಲಗೆ ಬೆರಳಗಲ ಎತ್ತರವಾಗಿ ಅಡ್ಡ ನಿಂತಿತ್ತು.

"ಹಸಿವಿಲ್ಲ ಕಣೇ" ಎಂದ.

ಗಂಟೆಯೊಂದು ಕಳೆದ ಮೇಲೆ ನಿಜ ಹೊರಬಿತ್ತು. "ಕಿಟಕಿಯಿಂದ ನೆಗೀರಿ!" ಎಂದು ಮೇಷ್ಟ್ರು ಶಿಳ್ಳೆ ಊದಿದರು. ತಲೆ ಹೊರಬಂತು, ಹೆಗಲು ಬಂತು, ಹೊಟ್ಟೆ ಮಾತ್ರ ಒಪ್ಪಲಿಲ್ಲ. ಕೊನೆಗೆ ಹೆಂಡತಿ ಹೋಗಿ ಮುದಿ ಮೇಸ್ತ್ರಿಯನ್ನು ಕರೆತಂದಳು.

ಕಡ್ಡಿಯಂಥ ಆ ಮುದುಕ ಕಿಟಕಿಯಿಂದ ಒಳಗಿಳಿದು ಹಲಗೆ ಎಬ್ಬಿಸಿದ, ಬಾಗಿಲಿನ ಅಡಿ ಕೊಯ್ದ, ಸೊಟ್ಟ ಸಾಲುಗಳನ್ನೆಲ್ಲ ಕಿತ್ತು ಮತ್ತೆ ಹಾಸಿದ. ಹಾಸುತ್ತಲೇ ದನಿ ತಗ್ಗಿಸಿದ.

"ಬೇಜಾರ್ ಮಾಡ್ಕೋಬೇಡಿ ಸಾರ್. ಆವತ್ತು ನಿಮ್ಮಪ್ಪನೂ ಹೀಗೇ ಸಿಕ್ಕಿಹಾಕ್ಕೊಂಡಿದ್ರು. ಇದೇ ಕಿಟಕಿಯಿಂದ ಇಳಿದು ಪೂರ್ತಿ ನೆಲ ನಾನೇ ಹಾಸಿದ್ದು. ನಿಮ್ಮಮ್ಮಂಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು."

ಗುಮಾಸ್ತ ಹಲಗೆಗಳನ್ನೊಮ್ಮೆ, ಮುದುಕನನ್ನೊಮ್ಮೆ ನೋಡಿದ. ಆಮೇಲೆ ನಗು ಬಂತು. ಅಪ್ಪನೂ ತನ್ನ ಹಾಗೇ! ಸತ್ತ ಅಪ್ಪ ಅವನಿಗೆ ಎಂದೂ ಇಲ್ಲದಷ್ಟು ಹತ್ತಿರವಾದರು. ಆದರೆ ಅಮ್ಮನಿಗೆ ಮಾತ್ರ ಇದು ಗೊತ್ತಾಗಬಾರದು ಎಂದುಕೊಂಡ.

ಸಂಜೆ ಅಮ್ಮ ಬಂದಳು. ಕೂತು ನೆಲ ಸವರಿದಳು. "ನೀನೇ ಹಾಸಿದ್ಯೇನೋ?"

"ಇಲ್ಲಮ್ಮ, ನನ್ನ ಕೈಲಾಗಲಿಲ್ಲ. ಮೇಸ್ತ್ರಿ ಹಾಸಿದ. ಅಪ್ಪ ಆಗಿದ್ರೆ ಒಬ್ಬರೇ ಮುಗಿಸ್ತಿದ್ರು. ಅವರ ಕೈ ನನಗೆ ಬರಲಿಲ್ಲ."

ತನ್ನ ಮಾನ ಹೋದರೂ ಅಪ್ಪನ ಮಾನ ಉಳಿಯಿತೆಂದು ಅವನಿಗೆ ಸಮಾಧಾನವಾಯಿತು. ಅಮ್ಮ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಪೆದ್ದೇ! ಆವತ್ತು ಮೇಸ್ತ್ರೀನ ಕರೆಸಿದ್ದೇ ನಾನು. 'ದಾರೀಲಿ ಹೋಗ್ತಿದ್ದೆ ಅನ್ನು' ಅಂತ ಹೇಳಿಕೊಟ್ಟು, ಕಿಟಕಿಗೆ ಕಳಿಸಿ, ಅಡುಗೆಮನೇಲಿ ಬಾಯಿ ಮುಚ್ಕೊಂಡು ಕೂತಿದ್ದೆ."

"ಹಾಗಾದ್ರೆ ಅಪ್ಪ..."

"ಸಾಯೋವರೆಗೂ ಒಪ್ಪಿಕೊಳ್ಳಲಿಲ್ಲ ಮಹರಾಯರು!" ಅಮ್ಮ ಕಣ್ಣೊರೆಸಿಕೊಂಡಳು. "ಅಷ್ಟು ವರ್ಷ ಒಂದೇ ಸುಳ್ಳು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ನೀನು ನೋಡಿದ್ರೆ ಕೇಳಿದ ತಕ್ಷಣ ಬಾಯಿಬಿಟ್ಟೆ. ಅವರ ಕೈ ನಿನಗೆ ಬರದಿದ್ರೆ ಹೋಗ್ಲಿ, ಬಾಯಾದ್ರೂ ಬರಬಾರದಿತ್ತೇನೋ?"