ಕುಂಕುಮ ಇಟ್ಟ ಸರ್ವರ್

ಕಂಪ್ಯೂಟರ್ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂದು ನಾನು ದೃಢವಾಗಿ ನಂಬಿದ್ದೆ. ಯಾರೂ ಏಮಾರಿಸಲಿಲ್ಲ, ನಿಜ. ಆ ಕೆಲಸವನ್ನು ನಾನೇ ಮಾಡಿಕೊಂಡೆ!

ಬೀದಿಗೊಂದು ಬ್ರೌಸಿಂಗ್ ಸೆಂಟರ್ ಇದ್ದ ಕಾಲವದು. ನನ್ನ ಹೆಂಡತಿ ವನಜಾ ಆರು ತಿಂಗಳು ಓಡಾಡಿ ಕೆಂಗೇರಿ ಉಪನಗರದಲ್ಲಿ ತನ್ನದೂ ಒಂದನ್ನು ತೆರೆಯಲು ಹೊರಟಿದ್ದಳು. ವಿಜಯದಶಮಿಯ ಬೆಳಿಗ್ಗೆ ಒಂಬತ್ತಕ್ಕೆ ಉದ್ಘಾಟನೆ. ಟೇಪು ಕತ್ತರಿಸುವವರು ನನ್ನ ಮಾವನವರು. ಆರು ಕಂಪ್ಯೂಟರ್ ಬಂದಿದ್ದವು. ಅವಕ್ಕೆ ಇಂಟರ್‌ನೆಟ್ ಹಂಚುವ ಸರ್ವರ್ ಒಂದು ಬಾಕಿ. ಅದನ್ನು ನಾನು ವಹಿಸಿಕೊಂಡೆ.

"ಎಲ್ಲಾರೂ ಹಾಕೋ ಆಪರೇಟಿಂಗ್ ಸಿಸ್ಟಮ್ಮೇ ಹಾಕಿಸ್ಬಿಡಿ ರೀ," ಎಂದಳು ವನಜಾ.

"ಛೆ! ನಾನು ಹಾಕೋದು ವೈರಸ್ಸಿಗೂ ಹೆಸರು ಗೊತ್ತಿಲ್ದೇ ಇರೋದು ಕಣೇ!"

ಆ ಸಿಸ್ಟಮ್ಮಿಗೆ ಮಡಿ ಜಾಸ್ತಿ. ಅಗ್ಗದ ಯಂತ್ರವೆಂದರೆ ಮೂಗು ಮುರಿಯುತ್ತದೆ. ನಮ್ಮ ಬಜೆಟ್ಟೋ ಅಗ್ಗದ್ದೇ. ಆದ್ದರಿಂದ ಕೊಳ್ಳುವ ಮೊದಲೇ ಪರೀಕ್ಷಿಸಬೇಕೆಂದು ಆಯುಧಪೂಜೆಯ ಬೆಳಿಗ್ಗೆ ಅದರ ಸಿಡಿಯನ್ನು ಚೀಲದಲ್ಲಿಟ್ಟುಕೊಂಡು ರಾಜಾಜಿನಗರದ ಶಿವಣ್ಣನ ಅಂಗಡಿಗೆ ಹೋದೆ. ಅಲ್ಲಿ ಒಂದೇ ಮಾಡೆಲ್ಲಿನ ನಾಲ್ಕು ಸರ್ವರ್‌ಗಳಿದ್ದವು.

"ಮಾಡೆಲ್ ಒಂದೇ ಸಾರ್. ಒಳಗಡೆ ಯಾವ ಚಿಪ್ ಇದೆ ಅಂತ ಮಾಡಿದವರಿಗೇ ಗೊತ್ತಿಲ್ಲ. ಹಾಕಿ ನೋಡ್ಕೊಳಿ," ಎಂದ ಶಿವಣ್ಣ.

ಸಿಡಿ ಹಾಕಿದೆ. ಮೊದಲನೆಯದರಲ್ಲಿ ನನ್ನ ಸಿಸ್ಟಮ್ಮಿಗೆ ನೆಟ್‌ವರ್ಕ್ ಕಾರ್ಡ್ ಕಾಣಲಿಲ್ಲ. ಎರಡನೆಯದರಲ್ಲಿ ಹಾರ್ಡ್ ಡಿಸ್ಕ್ ಕಾಣಲಿಲ್ಲ. ಮೂರನೆಯದರಲ್ಲಿ ಏನೂ ಕಾಣಲಿಲ್ಲ. ನಾಲ್ಕನೆಯದರಲ್ಲಿ ಎಲ್ಲವೂ ಕಂಡವು! ಅಂಗಡಿಯೆಂಬುದನ್ನೂ ಮರೆತು ಚಪ್ಪಾಳೆ ತಟ್ಟಿ, ಯಂತ್ರವನ್ನು ಆಫ್ ಮಾಡಿದೆ.

"ಇದೇ ನಂದು. ಗುರುತು ಹಾಕ್ತೀನಿ, ಒಂದು ಪೆನ್ ಕೊಡಿ."

"ಪೆನ್ನೆಲ್ಲಾ ಪೂಜೆಗೆ ಇಟ್ಬಿಟ್ಟಿದೀವಿ ಸಾರ್. ನಾಳೆವರ್ಗೂ ಮುಟ್ಟಂಗಿಲ್ಲ."

ನನ್ನ ಪೆನ್ನೂ ಮನೆಯಲ್ಲಿ ದೇವರ ಮುಂದೆಯೇ ಕುಳಿತಿತ್ತು. ಆದರೆ ಹೊಸ ಯಂತ್ರಕ್ಕೆ ಇಡಲೆಂದು ವನಜಾ ಕೊಟ್ಟ ಕುಂಕುಮದ ಪೊಟ್ಟಣ ಜೇಬಿನಲ್ಲಿತ್ತು. ಭಕ್ತಿಗೆ ಭಕ್ತಿ, ಗುರುತಿಗೆ ಗುರುತು! ಒಂದು ಬೊಟ್ಟಿಟ್ಟು, ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತಾ ಆಟೋ ತರಲು ಹೋದೆ.

ಆಯುಧಪೂಜೆಯ ದಿನ ಆಟೋ ಹುಡುಕುವವನಿಗಿಂತ ದಡ್ಡನಿಲ್ಲ. ಎಲ್ಲ ಆಟೋಗಳೂ ಬಾಳೆಕಂದು, ಚೆಂಡುಹೂ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. "ಕುಂಬಳಕಾಯಿ ಒಡೀದೆ ಗಾಡಿ ಎತ್ತಲ್ಲ ಅಣ್ಣ," ಎಂದ ಒಬ್ಬ. ಒಡೆಯುವವರೆಗೂ ಕಾದೆ. ಒಂದು ಗಂಟೆ ಹಿಡಿಯಿತು.

ವಾಪಸು ಬಂದರೆ ಶಿವಣ್ಣನ ಪೂಜೆಯೂ ಮುಗಿದಿತ್ತು. ಊದುಬತ್ತಿಯ ಹೊಗೆಯ ನಡುವೆ ನಾಲ್ಕೂ ಸರ್ವರ್‌ಗಳು ಸಾಲಾಗಿ ಕುಳಿತಿದ್ದವು. ನಾಲ್ಕರ ಹಣೆಯಲ್ಲೂ ಕುಂಕುಮ!

"ಶಿವಣ್ಣ, ನಂದು ಯಾವ್ದು?"

"ಯಾರಿಗ್ ಗೊತ್ತು ಸಾರ್? ಒರೆಸಿ, ಜೋಡಿಸಿ, ಪೂಜೆ ಮಾಡಿದ್ವಿ."

"ಹಾಗಾದ್ರೆ ಇನ್ನೊಂದ್ಸಲ ಆನ್ ಮಾಡಿ ನೋಡ್ಬಿಡೋಣ."

ಶಿವಣ್ಣ ಕೆನ್ನೆ ಬಡಿದುಕೊಂಡ. "ಪೂಜೆಗಿಟ್ಟಿದ್ದನ್ನ ಆನ್ ಮಾಡೋದಾ! ಎತ್ಕೊಂಡು ಬೇಕಾದ್ರೆ ಹೋಗಿ. ಸ್ವಿಚ್ಚು ಮಾತ್ರ ನಾಳೇನೇ."

ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ನಾನು ನಾಲ್ಕೂ ಬೊಟ್ಟುಗಳನ್ನು ನನ್ನ ಬೆರಳಿಗೆ ಅಳತೆ ಹಿಡಿದು ನೋಡಿ, ಪೂರ್ಣ ವೈಜ್ಞಾನಿಕ ರೀತಿಯಲ್ಲಿ ಎಡದಿಂದ ಮೂರನೆಯದನ್ನು ಆರಿಸಿಕೊಂಡೆ.

"ಚೆಕ್ ಮಾಡಿ ತಂದ್ರಾ?" ಎಂದಳು ವನಜಾ, ನಾನು ಕೆಂಗೇರಿಯಲ್ಲಿ ಆಟೋ ಇಳಿಯುತ್ತಲೇ.

"ಕಣ್ಣಾರೆ ನೋಡಿದೀನಿ!"

ಸುಮ್ಮನೆ ಒಮ್ಮೆ ಆನ್ ಮಾಡೋಣವೆಂದು ಕೈ ಚಾಚಿದೆ. ಅವಳು ಕೈಗೆ ಹೊಡೆದಳು. ಪೂಜೆಗಿಟ್ಟದ್ದಲ್ಲವೇ!

ಮರುದಿನ ಒಂಬತ್ತಕ್ಕೆ ಮಾವನವರು ಟೇಪು ಕತ್ತರಿಸಿದರು. ಅಕ್ಕಪಕ್ಕದವರು ಕೇಸರಿಬಾತಿನ ತಟ್ಟೆ ಹಿಡಿದು ಸುತ್ತ ನಿಂತರು. ನಾನು ಸ್ವಿಚ್ ಒತ್ತಿದೆ. ಫ್ಯಾನು ಗಿರ್ರೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸಿಸ್ಟಮ್ ಹಾಕೋ ಸಿಡಿ ಎಲ್ಲಿ ರೀ?" ಎಂದಳು ವನಜಾ.

ಚೀಲ ನೋಡಿದೆ. ಜೇಬು ನೋಡಿದೆ. ಚೀಲವನ್ನು ಮಗುಚಿ ಕೊಡವಿದೆ. ಆಗ ನೆನಪಾಯಿತು: ನಾಲ್ಕನೆಯ ಸರ್ವರ್ ಪರೀಕ್ಷಿಸಿದ ಮೇಲೆ ಸಿಡಿಯನ್ನು ನಾನು ಹೊರಗೆ ತೆಗೆದೇ ಇರಲಿಲ್ಲ! ಈ ಯಂತ್ರದ ಬಟನ್ ಒತ್ತಿದೆ. ಸಿಡಿ ಇಡುವ ತಟ್ಟೆ ನಾಲಿಗೆ ಚಾಚಿದ ಹಾಗೆ ಹೊರಬಂತು. ಖಾಲಿ!

"ಏನ್ ಅಳಿಯಂದ್ರೇ, ಚೆಕ್ ಮಾಡಿ ತಂದಿದೀನಿ ಅಂದ್ರಂತೆ?" ಎಂದರು ಮಾವ.

"ಚೆಕ್ ಮಾಡಿದ್ದು ನಿಜ ಮಾವ."

"ತಂದಿದ್ದು?"

"ತಂದಿದ್ದೂ ನಿಜ."

ಶಿವಣ್ಣನಿಗೆ ಫೋನ್ ಮಾಡಿದರೆ ಅವನು ಅಂಗಡಿ ಮುಚ್ಚಿ ದಸರಾ ನೋಡಲು ಮೈಸೂರಿಗೆ ಹೋಗಿದ್ದ. ವನಜಾ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಮೂಲೆಯಲ್ಲಿದ್ದ ಜೆರಾಕ್ಸ್ ಯಂತ್ರವನ್ನು ಎಳೆದು ತಂದು, ಮಾವನವರಿಂದ ಅದನ್ನೇ ಉದ್ಘಾಟನೆ ಮಾಡಿಸಿದಳು. ಮೊದಲ ಪ್ರತಿ ಅವಳದೇ ಕೈಬರಹದ್ದು: 'ಇಂಟರ್‌ನೆಟ್ ಸದ್ಯಕ್ಕೆ ಇಲ್ಲ.' ಬಾಗಿಲಿಗೆ ಅದನ್ನು ಅಂಟಿಸುವ ಗೌರವ ನನ್ನದಾಯಿತು.

ಮೂರನೆಯ ದಿನ ಶಿವಣ್ಣನ ಅಂಗಡಿಗೆ ನನ್ನ ಜೊತೆ ಅವಳೂ ಬಂದಳು. ಉಳಿದಿದ್ದ ಮೂರಕ್ಕೂ ಕರೆಂಟು ಕೊಡಿಸಿ, ಒಂದೊಂದರ ಬಟನ್ ಒತ್ತಿದಳು. ಎರಡನೆಯದರಲ್ಲಿ ಸಿಡಿ ಸಿಕ್ಕಿತು. "ಇದೇ," ಎಂದಳು. ಒಂದು ನಿಮಿಷವೂ ಆಗಲಿಲ್ಲ.

ಮುಂದಿನ ಆಯುಧಪೂಜೆಯಲ್ಲಿ ಆ ಸರ್ವರ್‌ಗೆ ಅವಳೇ ಬೊಟ್ಟಿಟ್ಟಳು. ಆಮೇಲೆ ನನ್ನನ್ನು ಕರೆದು ನನ್ನ ಹಣೆಗೂ ಒಂದಿಟ್ಟಳು.

"ನನಗ್ಯಾಕೆ?" ಎಂದೆ.

"ಕೆಲಸ ಮಾಡದೇ ಇದ್ರೂ ಇವತ್ತು ಎಲ್ಲದಕ್ಕೂ ಇಡ್ಬೇಕು ರೀ."