ಹಸಿರು ಎರಡು ಸಲ ಬಂತು

ಚೆಂದ ಕಂಡಿದ್ದೆಲ್ಲ ಸರಿಯಾಗಿಯೇ ಇರುತ್ತದೆ ಎಂದು ನಂಬುವವರಲ್ಲಿ ನಾನೂ ಒಬ್ಬಳು. ರಂಗೋಲಿ ಚೆನ್ನಾಗಿ ಬಂದರೆ ಒಲೆಯ ಮೇಲೆ ಹಾಲು ಉಕ್ಕಿದ್ದು ನನಗೆ ಗೊತ್ತಾಗುವುದಿಲ್ಲ. ಹರಪನಹಳ್ಳಿಯಲ್ಲಿ ನಮ್ಮ ಮಾವನವರದು ಮೆಕ್ಕೆಜೋಳ ಒಣಗಿಸುವ ಯಂತ್ರ. ರೈತರು ಮೊಬೈಲಿನಲ್ಲೇ ಪಾಳಿ ಹಿಡಿಯಲಿ ಎಂದು ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಗುಂಡಿ ಒತ್ತಿದರೆ ಮೂಲೆಯಲ್ಲಿ "ಯಶಸ್ವಿ" ಎಂದು ಹಸಿರು ಪಟ್ಟಿ ಮೂಡಿ, ನಯವಾಗಿ ಕರಗಿಹೋಗುತ್ತಿತ್ತು. ಆ ಹಸಿರನ್ನು ಆರಿಸಲು ಪಟ್ಟ ಪಾಡು ಮದುವೆಯ ಸೀರೆಗೂ ಪಟ್ಟಿರಲಿಲ್ಲ. ಅಷ್ಟು ಚೆಂದದ್ದನ್ನು ಒಂದೇ ಕಡೆ ಬಳಸಲು ಮನಸ್ಸು ಬರದೆ, ಪಾಳಿ ರದ್ದಾದಾಗಲೂ ಅದೇ ಪಟ್ಟಿ ಇಟ್ಟೆ. ರದ್ದಾಗುವುದೂ ಯಶಸ್ವಿಯಾಗಿಯೇ ತಾನೆ? ಪರದೆಯಲ್ಲಿ ಜಾಗ ಉಳಿಯಲಿ ಎಂದು ಪಾಳಿ ಹಿಡಿಯುವ ಗುಂಡಿಯೇ ಆಮೇಲೆ ರದ್ದಿನ ಗುಂಡಿಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ನಮ್ಮ ತಾಲ್ಲೂಕಿನದೇ ಅರಸೀಕೆರೆಯ ರತ್ನವ್ವ ಟ್ರ್ಯಾಕ್ಟರ್ ತುಂಬ ಹಸಿ ಮೆಕ್ಕೆಜೋಳ ಹೇರಿಕೊಂಡು ಬಂದರು. ಮೋಡ ಕವಿದಿತ್ತು. ಯಂತ್ರದಲ್ಲಿ ಬೇರೆಯವರ ಕಾಳು. ಪಾಳಿಯಲ್ಲಿ ಇವರ ಹೆಸರೇ ಇಲ್ಲ.

"ಇಲ್ಲ ಅಂದ್ರ ಹೆಂಗವ್ವ? ಹಸಿರು ಬಂತು. ಓದೋದ್ರಾಗ ಹೋತು. ಮತ್ತ ಒತ್ತಿದೆ, ಮತ್ತ ಬಂತು. ಎರಡು ಸಲ ಬಂದೈತಿ, ಗಟ್ಟಿ ಆತು ಅಂದ್ಕೊಂಡೆ."

ಈ ಕಡೆ ಕೆಲಸ ಮುಗಿದರೂ "ಆತು, ಹೋಗಿ ಬರ್ರಿ" ಅನ್ನುವ ತನಕ ಯಾರೂ ಏಳುವುದಿಲ್ಲ. ನನ್ನ ಪಟ್ಟಿ ಹಾಗೆ ಅನ್ನದೆ ಓಡಿಹೋಗಿತ್ತು. ಮೊದಲ ಹಸಿರಿಗೆ ಸಿಕ್ಕ ಪಾಳಿ ಎರಡನೆಯ ಹಸಿರಿಗೆ ರದ್ದಾಗಿತ್ತು. ಇನ್ನು ಮಳೆ ಬಿದ್ದರೆ ಇಡೀ ಹೇರಿಗೆ ಬೂಷ್ಟು ಹಿಡಿಯುತ್ತದೆ. ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ತಾಡಪಾಲಿನ ಒಂದು ತುದಿ ರತ್ನವ್ವ, ಇನ್ನೊಂದು ತುದಿ ನಾನು ಎಳೆದು ಹೇರು ಮುಚ್ಚಿದೆವು. ಪುಣ್ಯಕ್ಕೆ ಮಳೆ ನಾಲ್ಕು ಹನಿ ಉದುರಿಸಿ ಸುಮ್ಮನಾಯಿತು. ಸಂಜೆ ಯಂತ್ರ ಖಾಲಿಯಾಗಿ ಅವರ ಕಾಳು ಒಳಗೆ ಬಿತ್ತು.

ಅದು ಒಣಗುವಷ್ಟರಲ್ಲಿ ನಾನು ಅಲ್ಲೇ ಕೂತು ಎಲ್ಲ ತಿದ್ದಿದೆ. ರದ್ದಿಗೆ ಬೇರೆ ಗುಂಡಿ, ಬೇರೆ ಬಣ್ಣ. "ನಿಮ್ಮ ಪಾಳಿ ಸಿಕ್ಕೈತಿ, ಬರ್ರಿ" ಎಂಬ ಮಾತು ಓದಿದವರೇ ತೆಗೆಯುವ ತನಕ ಅಲ್ಲೇ ಇರುತ್ತದೆ. ರತ್ನವ್ವನಿಗೆ ಹೆಮ್ಮೆಯಿಂದ ತೋರಿಸಿದೆ.

"ಚಲೋ ಆತು ಬಿಡವ್ವ," ಅಂದರು. "ಆದ್ರೂ ಮುಂದಿನ ಸಲ ಒತ್ತಿದ ಕೂಡ್ಲೆ ನಿನಗೊಂದು ಫೋನ್ ಹಚ್ಚತೀನಿ. ಆತು ಅಂತ ನಿನ್ನ ಬಾಯಿಲೆ ಹೇಳು."

ಈ ಏರ್ಪಾಡು ಬಾಯಿಂದ ಬಾಯಿಗೆ ಹಬ್ಬಿ, ಈಗ ಉಚ್ಚಂಗಿದುರ್ಗದವರೂ ಫೋನ್ ಮಾಡುತ್ತಾರೆ. "ಆತ್ರಿ, ಬರ್ರಿ" ಅಂದು ಇಡಲು ಹೋದರೆ ಆ ಕಡೆ ಎಮ್ಮೆ ಈದ ಸುದ್ದಿ ಶುರುವಾಗಿರುತ್ತದೆ. ಅವರಾಗಿ ಬಿಡುವ ತನಕ ನಾನೂ ಕದಲುವ ಹಾಗಿಲ್ಲ.